ಒಂದೇ ಕೆರೆಯಲ್ಲಿ ನಾಲ್ಕು ಜಾತಿಯ ಮೀನು ಮರಿ: ಯಾವ ಕಾಲಕ್ಕೆ ಏನು ತಿನ್ನುತ್ತವೆ? ಅನುಭವ ಇದ್ದವರು ಹೇಳಿ

ಯಲಬುರ್ಗಾ ಕೆರೆ:
ಊರ ಕೆರೆಯನ್ನು ಐದು ವರ್ಷಕ್ಕೆ ಗುತ್ತಿಗೆ ಹಿಡಿದಿದ್ದೇನೆ. ಮೀನಿನ ಕೆಲಸಕ್ಕೆ ಇದು ಮೊದಲ ವರ್ಷ. ಆಗಸ್ಟ್‌ನಲ್ಲಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ನಾಲ್ಕನ್ನೂ ಇಂಚಿನ ಮರಿ ಇರುವಾಗಲೇ ಒಟ್ಟಿಗೆ ಬಿಟ್ಟೆ. ಈಗ ಜನವರಿ. ಕಾಟ್ಲಾ ಗೇಣುದ್ದ ಬಂದಿದೆ, ರೋಹು ಬೆರಳುದ್ದಕ್ಕೇ ನಿಂತಿದೆ. ಬೆಳಿಗ್ಗೆ ಏಳಕ್ಕೆ ತೌಡು ಮತ್ತು ಶೇಂಗಾ ಹಿಂಡಿ ಹಾಕಿದರೆ ಹತ್ತು ಗಂಟೆಗೂ ಹಾಗೆಯೇ ಉಳಿದಿರುತ್ತದೆ. ಮರಿಗಳು ಬೇರೇನಾದರೂ ತಿನ್ನುತ್ತಿವೆಯೇ? ಬೇಸಿಗೆಯಲ್ಲಿ ಏನು ಕೊಡಬೇಕು? ದಯವಿಟ್ಟು ತಿಳಿದವರು ಹೇಳಿ.

ಮುನಿರಾಬಾದ್ ಹಿನ್ನೀರು:
ತಮ್ಮಾ, ಇಪ್ಪತ್ತೆರಡು ವರ್ಷದಿಂದ ತುಂಗಭದ್ರಾ ಹಿನ್ನೀರಿನಲ್ಲಿ ಹರಿಗೋಲು ಹಾಕುತ್ತಿದ್ದೇನೆ. ಬಲೆಗೆ ಸಿಕ್ಕಿ ಸತ್ತ ಮರಿಯನ್ನು ಎಸೆಯುವುದಿಲ್ಲ, ಬ್ಲೇಡಿನಿಂದ ಹೊಟ್ಟೆ ಸೀಳಿ ನೋಡುತ್ತೇನೆ. ನನ್ನ ಹೆಂಡತಿಗೆ ಅದು ಅಸಹ್ಯ. ಆದರೆ ನನಗೆ ತಿಳಿದದ್ದೆಲ್ಲ ಆ ಹೊಟ್ಟೆಗಳಿಂದಲೇ.

ಮಳೆಗಾಲದ ಕೆಂಪು ನೀರಿನಲ್ಲಿ ಸಿಕ್ಕ ಕಾಟ್ಲಾ ಮರಿಯ ಹೊಟ್ಟೆ ಬಹುತೇಕ ಖಾಲಿ. ಮೇಲುನೀರಿನ ಸಣ್ಣ ಹುಳವನ್ನು ಸೋಸಿ ತಿನ್ನುವ ಮೀನು ಅದು, ರಾಡಿ ನೀರಿನಲ್ಲಿ ಬಿಸಿಲು ಒಳಗೆ ಇಳಿಯುವುದಿಲ್ಲ, ಹುಳ ಹುಟ್ಟುವುದಿಲ್ಲ. ಅದೇ ದಿನ ಹಿಡಿದ ಮೃಗಾಲ್ ಮರಿಯ ಹೊಟ್ಟೆ ಉಬ್ಬಿರುತ್ತದೆ. ಒಳಗೆ ಕೆಸರು, ಕೊಳೆತ ಹುಲ್ಲು, ಎಲೆಯ ಚೂರು. ಜಲಾಶಯ ತುಂಬಿದೆ ಎಂದು ಜನ ಬಾಗಿನ ಕೊಡುವ ಹೊತ್ತಿಗೆ ಮರಿಗಳಿಗೆ ಬರಗಾಲ. ದೀಪಾವಳಿ ಕಳೆದು ನೀರು ತಿಳಿಯಾದ ಮೇಲೆ ನೋಡಬೇಕು, ಎಲ್ಲ ಜಾತಿಯ ಹೊಟ್ಟೆಯಲ್ಲೂ ಹುಳ.

ಇನ್ನೊಂದು ಮಾತು. ಇಂಚಿನ ಮರಿ ಇರುವಾಗ ಕಾಟ್ಲಾ, ರೋಹು, ಮೃಗಾಲ್ ಮೂರೂ ತಿನ್ನುವುದು ಅದೇ ಸಣ್ಣ ಹುಳವನ್ನು. ಮೇಲೆ, ನಡುವೆ, ತಳದಲ್ಲಿ ಎಂದು ಹಂಚಿಕೊಂಡು ತಿನ್ನುವುದು ದೊಡ್ಡವಾದ ಮೇಲೆ. ರೋಹು ಮರಿಯ ಕರುಳು ಮೊದಲು ಗಿಡ್ಡ, ಬೆಳೆದಂತೆ ಉದ್ದವಾಗಿ ಸುರುಳಿ ಸುತ್ತುತ್ತದೆ, ಆಗ ಪಾಚಿ, ಸೊಪ್ಪು ಅರಗುತ್ತದೆ. ಅಲ್ಲಿಯವರೆಗೆ ಮೂರು ಮಕ್ಕಳಿಗೆ ಒಂದೇ ತಟ್ಟೆ. ತೌಡಿಗೆ ದುಡ್ಡು ಸುರಿಯಬೇಡ. ಹಿನ್ನೀರಿಗೆ ಯಾರೂ ತೌಡು ಹಾಕುವುದಿಲ್ಲ, ಮೀನು ಬೆಳೆಯುತ್ತಿಲ್ಲವೇ?

ಸಿಂಧನೂರು ಎಡದಂಡೆ:
ಹಿನ್ನೀರಿನವರಿಗೆ ಸರ್ಕಾರ ಕಟ್ಟಿಸಿದ ಜಲಾಶಯ ಇದೆ, ನಮಗೆ ಸಾಲ ಮಾಡಿ ತೋಡಿಸಿದ ಹೊಂಡ. ತೌಡು ಬೇಡ ಎನ್ನುವುದು ಸುಲಭ.

ನನ್ನ ಲೆಕ್ಕ ಕೇಳಿ. ಮೊದಲ ವರ್ಷ ಎರಡು ಲಕ್ಷ ಮೊಟ್ಟೆಮರಿ ತಂದೆ. ಎಡದಂಡೆ ಕಾಲುವೆಗೆ ನೀರು ಬಿಟ್ಟ ವಾರವೇ ಹೊಂಡ ತುಂಬಿಸಿ, ಮರುದಿನವೇ ಬಿಟ್ಟುಬಿಟ್ಟೆ. ಸಗಣಿ ಹಾಕಿ ನೀರು ಹದಕ್ಕೆ ಬರುವವರೆಗೆ ಕಾಯಲಿಲ್ಲ. ಬೆನ್ನಡಿಯಾಗಿ ಈಜುವ ನೀರುಹುಳ ಅರ್ಧ ತಿಂದಿತು. ಹೆಕ್ಟೇರಿಗೆ 18 ಕಿಲೋ ಸೋಪು, 56 ಕಿಲೋ ಎಣ್ಣೆ ಕಲಸಿ ನೀರಿನ ಮೇಲೆ ಹಾಕಿದರೆ ಆ ಹುಳ ಉಸಿರುಗಟ್ಟಿ ಸಾಯುತ್ತದೆ ಎಂದು ಆಮೇಲೆ ತಿಳಿಯಿತು. ಉಳಿದ ಅರ್ಧ, ಮೇಲಿನ ಭತ್ತದ ಗದ್ದೆಗೆ ಔಷಧಿ ಹೊಡೆದ ಮರುದಿನ ಬಸಿನೀರು ಬಂದು ತೇಲಿತು. ಜೆಸಿಬಿಗೆ 64 ಸಾವಿರ, ಮರಿಗೆ, ಸಾಗಾಣಿಕೆಗೆ, ಗಂಗಾವತಿ ಮಿಲ್ಲಿನಿಂದ ತರಿಸಿದ ಒಂಬತ್ತು ಚೀಲ ತೌಡಿಗೆ ಸೇರಿ ಇನ್ನು 31 ಸಾವಿರ. ತೌಡಿನ ಚೀಲಗಳು ಬಿಚ್ಚದೆ ಮುಗ್ಗಿದವು. ಆ ವಾಸನೆ ಈಗಲೂ ಮೂಗಿನಲ್ಲಿದೆ.

ಈಗ 100 ಮಿಲಿಮೀಟರಿಗಿಂತ ಚಿಕ್ಕ ಮರಿಯನ್ನು ದೊಡ್ಡ ನೀರಿಗೆ ಬಿಡುವುದಿಲ್ಲ. ಆ ಉದ್ದಕ್ಕೆ ಬಂದ ಮರಿ ಕೊರವ, ಬಾಳೆ ಮೀನಿನ ಬಾಯಿಂದ ತಪ್ಪಿಸಿಕೊಳ್ಳುತ್ತದೆ. ಇಂಚಿನ ಮರಿಯನ್ನು ಕೆರೆಗೆ ಬಿಟ್ಟು ರೋಹು ಬೆಳೆಯಲಿಲ್ಲ ಎಂದರೆ ನಾನು ಏನು ಹೇಳಲಿ? ಎಷ್ಟು ಉಳಿದಿವೆ ಎಂದು ಮೊದಲು ನೋಡಿಕೊಳ್ಳಿ.

ಕಂಪ್ಲಿ ಸಂಘದ ಅಕ್ಕ:
ಪ್ರಶ್ನೆ ಕೇಳಿದವರು ಈಗ ಜನವರಿ ಎಂದಿದ್ದಾರೆ, ಅಂದರೆ ಚಳಿ. ಇಬ್ಬರೂ ತಮ್ಮ ಪುರಾಣ ಹೇಳಿದಿರಿ, ಬೆಳಿಗ್ಗೆ ಏಳು ಗಂಟೆ ಎಂಬ ಮಾತನ್ನು ಒಬ್ಬರೂ ಗಮನಿಸಲಿಲ್ಲ.

ನಾವು ಹನ್ನೊಂದು ಜನ ಹೆಂಗಸರು ಸೇರಿ ಕೆರೆ ಹಿಡಿದಿದ್ದೇವೆ. ಮೀನಿನ ಮೈಗೆ ಸ್ವಂತ ಬಿಸಿ ಇಲ್ಲ. ನೀರು ತಣ್ಣಗಾದರೆ ಅದರ ಹಸಿವೂ ಇಳಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ನಾವು ಮಧ್ಯಾಹ್ನ ಹನ್ನೆರಡರ ನಂತರ ಮಾತ್ರ ಮೇವು ಹಾಕುತ್ತೇವೆ, ಅದೂ ಅರ್ಧ ಪ್ರಮಾಣ. ಬಿಸಿಲು ಬಿದ್ದ ಅಂಚಿನ ನೀರಿಗೆ ಮರಿಗಳು ತಾವೇ ಬರುತ್ತವೆ. ಚಳಿಗೆ ಕಾಟ್ಲಾ ಸೋಲುತ್ತದೆ, ಸಾಮಾನ್ಯ ಗೆಂಡೆ ತಳದ ಕೆಸರು ಕೆದಕಿ ಕೆಂಪು ಹುಳ ತಿನ್ನುತ್ತಲೇ ಇರುತ್ತದೆ.

ನಮ್ಮ ಹಣ ಹೋದದ್ದು ಬೇಸಿಗೆಯಲ್ಲಿ. 2023ರಲ್ಲಿ ಮಳೆ ಕೈಕೊಟ್ಟಿತು, ಮರುವರ್ಷ ಮಾರ್ಚ್ ಹೊತ್ತಿಗೆ ಕೆರೆ ಕಾಲುಭಾಗಕ್ಕೆ ಇಳಿಯಿತು. ಅಷ್ಟೂ ಮರಿ ಅಷ್ಟೇ ನೀರಿನಲ್ಲಿ. ನೀರು ಹಸಿರಾಯಿತು, ಮೇವು ಹೇರಳವಾಗಿದೆ ಎಂದು ನಾವು ಹಿಗ್ಗಿದೆವು. ಅದು ಮೇಲೆ ಕೆನೆಗಟ್ಟುವ ನೀಲಿ ಹಸಿರು ಪಾಚಿ, ಕಾಟ್ಲಾ ಮರಿಗೆ ಅದರಿಂದ ಹೊಟ್ಟೆ ತುಂಬುವುದಿಲ್ಲ. ಅದರ ಮೇಲೆ ನಾವು ದಿನವೂ ತೌಡು ಹಾಕಿದೆವು. ರಾತ್ರಿ ಪಾಚಿಯೂ ಉಸಿರಾಡುತ್ತದೆ, ಕೊಳೆತ ತೌಡೂ ಗಾಳಿ ಎಳೆಯುತ್ತದೆ. ಒಂದು ಬೆಳಗಿನ ಜಾವ ಮರಿಗಳೆಲ್ಲ ಬಾಯಿ ತೆರೆದು ಮೇಲೆ ಬಂದವು. ಮೋಟಾರು ತಂದು ನೀರು ಚಿಮ್ಮಿಸುವ ಹೊತ್ತಿಗೆ ಏಳು ಗಂಟೆ. ನಾಲ್ಕೂವರೆ ಕ್ವಿಂಟಲ್ ಮೀನನ್ನು ಗುಂಡಿ ತೆಗೆದು ಹೂಳಿದೆವು. ಅದರಲ್ಲಿ ಒಬ್ಬಳ ಮಾಂಗಲ್ಯ ಅಡವಿಟ್ಟ ದುಡ್ಡಿತ್ತು.

ಮುನಿರಾಬಾದ್ ಹಿನ್ನೀರು:
ಅಕ್ಕಾ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನೀವೇ ಹೇಳಿದಿರಿ, ಕೊಂದದ್ದು ತೌಡು ಎಂದು. ನಾನು ಹೇಳಿದ್ದೂ ಅದೇ.

ಕಂಪ್ಲಿ ಸಂಘದ ಅಕ್ಕ:
ಕೊಂದದ್ದು ಹೊತ್ತಲ್ಲದ ಹೊತ್ತಿನ ತೌಡು. ಅಕ್ಟೋಬರ್, ನವೆಂಬರ್‌ನಲ್ಲಿ ಅದೇ ತೌಡು, ಹಿಂಡಿ ಸಮಸಮ ಕಲಸಿ ಉಂಡೆ ಮಾಡಿ ಕೊಟ್ಟಾಗ ನಮ್ಮ ರೋಹು ಎದ್ದು ನಿಂತಿತು. ಅದನ್ನು ಮರೆಮಾಚಬೇಡಿ ಅಣ್ಣಾ.

ಸಿಂಧನೂರು ಎಡದಂಡೆ:
ಹಿನ್ನೀರಿನ ಅಣ್ಣನವರು ಮರಿಯ ಹೊಟ್ಟೆ ಸೀಳಿ ನೋಡುತ್ತಾರಂತೆ. ಆ ಮರಿ ಬಲೆಗೆ ಹೇಗೆ ಬಂತು ಎಂದು ಹೇಳಲಿಲ್ಲ. ಬೆರಳುದ್ದದ ಮರಿ ಸಿಗುವುದು ಅಲಿವಿ ಬಲೆಯಲ್ಲಿ. ದಡದಿಂದ ಇಪ್ಪತ್ತು ಜನ ಎಳೆಯುವ ಆ ಸಣ್ಣ ಕಣ್ಣಿನ ಬಲೆ ಬೀಜವನ್ನೇ ಬಾಚುತ್ತದೆ. ಬಿತ್ತನೆ ಮರಿ ತಂದು ಬಿಡುವವರು ಒಬ್ಬರು, ಬಾಚಿ ಒಣಗಿಸಿ ಮಾರುವವರು ಇನ್ನೊಬ್ಬರು.

ಮುನಿರಾಬಾದ್ ಹಿನ್ನೀರು:
ಬಾಯಿ ಬಿಗಿ ಹಿಡಿದು ಮಾತನಾಡಿ. ಅಲಿವಿ ಎಳೆಸುವುದು ದುಡ್ಡಿದ್ದವರು, ಎಳೆಯುವುದು ಹೊಟ್ಟೆಗಿಲ್ಲದವರು. ನನ್ನದು ದೊಡ್ಡ ಕಣ್ಣಿನ ಬೀಸುಬಲೆ ಮತ್ತು ಹರಿಗೋಲು. ಅಲಿವಿಯವರು ಕಸದಂತೆ ದಡದಲ್ಲಿ ಬಿಟ್ಟುಹೋದ ಮರಿಗಳನ್ನೇ ನಾನು ಆರಿಸಿ ತಂದು ನೋಡುವುದು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿ ಹೋದಾಗ, ತಾತ್ಕಾಲಿಕ ಗೇಟು ಕೂರಿಸುವವರೆಗೆ ನೀರಿಗಿಳಿಯದೆ, ಹರಿದುಹೋಗುತ್ತಿದ್ದ ನೀರನ್ನು ನೋಡುತ್ತಾ ದಡದಲ್ಲಿ ಕೂತಿದ್ದೆವು. ಆ ನೀರಿನಲ್ಲಿ ಎಷ್ಟು ಮರಿ ಹೋದವೋ ಲೆಕ್ಕ ಇಟ್ಟವರಿಲ್ಲ. ಆಗ ನಿಮ್ಮ ಹೊಂಡದ ಒಂಬತ್ತು ಚೀಲ ತೌಡು ನೆನಪಾಗಲಿಲ್ಲ.

ಮಸ್ಕಿ ನಾಲಾ:
ಜಗಳದ ನಡುವೆ ಒಂದು ಕೆಲಸದ ಮಾತು. ತೌಡು ಹಾಕಬೇಕೋ ಬೇಡವೋ ಎಂಬುದನ್ನು ನೀರೇ ಹೇಳುತ್ತದೆ. ಕೆರೆಯ ನಾಲ್ಕಾರು ಕಡೆಯಿಂದ ಒಟ್ಟು 50 ಲೀಟರ್ ನೀರನ್ನು ಸಣ್ಣ ಕಣ್ಣಿನ ಬಟ್ಟೆಯಲ್ಲಿ ಸೋಸಿ, ಉಳಿದದ್ದನ್ನು ಗಾಜಿನ ಕೊಳವೆಯಲ್ಲಿ ಚಿಟಿಕೆ ಉಪ್ಪು ಹಾಕಿ ನಿಲ್ಲಿಸಿ. ತಳದಲ್ಲಿ ಒಂದೂವರೆ, ಎರಡು ಮಿಲಿಲೀಟರ್ ಕೂತರೆ ಮರಿಗೆ ಸಾಕಷ್ಟು ಹುಳ ಇದೆ. ಕಂದು ಬಣ್ಣ ಇದ್ದರೆ ಹುಳ, ಹಸಿರಿದ್ದರೆ ಪಾಚಿ. ಇದನ್ನು ಕಲಿಯಲು ನನಗೆ ಮೂರು ವರ್ಷ, ಒಂದೂಕಾಲು ಲಕ್ಷ ರೂಪಾಯಿ ಹಿಡಿಯಿತು. ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಸೇರಿಕೊಂಡಿದೆಯೇ ಎಂದೂ ನೋಡಿ. ನನ್ನಲ್ಲಿ ಸೇರಿತ್ತು. ಅದು ವರ್ಷದಲ್ಲಿ ಹಲವು ಸಲ ಮರಿ ಹಾಕುತ್ತದೆ, ನೀವು ಹಾಕಿದ ಮೇವನ್ನೂ ನೀರಿನ ಹುಳವನ್ನೂ ಅದೇ ಮುಗಿಸುತ್ತದೆ.

ಯಲಬುರ್ಗಾ ಕೆರೆ:
ಎಲ್ಲರಿಗೂ ನಮಸ್ಕಾರ. ಈ ದಿನ ಅಮ್ಮನ ಹಳೆಯ ವಾಯಿಲ್ ಸೀರೆಯಲ್ಲಿ ನೀರು ಸೋಸಿದೆ. ತಳದಲ್ಲಿ ಅರ್ಧ ಮಿಲಿಲೀಟರ್ ಕೂಡ ಕೂರಲಿಲ್ಲ, ಕೂತದ್ದು ಹಸಿರು. ಆರು ರೋಹು ಮರಿಗಳ ಹೊಟ್ಟೆ ಸೀಳಿದೆ, ನಾಲ್ಕು ಖಾಲಿ, ಎರಡರಲ್ಲಿ ತೌಡಿನ ಹಿಟ್ಟು. ಬಲೆಯಲ್ಲಿ ಹದಿನೇಳು ಜಿಲೇಬಿ ಬಂದವು. ನಾನು ಬಿಟ್ಟದ್ದಲ್ಲ. ಅಕ್ಕ ಹೇಳಿದಂತೆ ನಾಳೆಯಿಂದ ಮಧ್ಯಾಹ್ನ ಹಾಕುತ್ತೇನೆ. ಜಿಲೇಬಿಯನ್ನು ಏನು ಮಾಡಲಿ?

ಸಿಂಧನೂರು ಎಡದಂಡೆ:
ಕೆರೆ ಬತ್ತಿಸದೆ ಅದು ಪೂರ್ತಿ ಹೋಗುವುದಿಲ್ಲ, ಹಿಡಿದಷ್ಟನ್ನು ಸಂತೆಗೆ ಕಳಿಸಿ. ಮುನಿರಾಬಾದಿನವರೇ, ದಡದಲ್ಲಿ ಬಿದ್ದ ಮರಿ ಎಂದಿರಿ. ಅಲ್ಲಿ ಅಲಿವಿ ಎಳೆಯುವುದನ್ನು ಇಪ್ಪತ್ತೆರಡು ವರ್ಷ ಕಣ್ಣಾರೆ ಕಂಡ ನೀವು ಒಂದು ಅರ್ಜಿಯನ್ನಾದರೂ ಬರೆದಿದ್ದೀರಾ?

ಮುನಿರಾಬಾದ್ ಹಿನ್ನೀರು:
ಮೂರು ಬರೆದಿದ್ದೇನೆ. ಮೂರರ ಸ್ವೀಕೃತಿ ಚೀಟಿಯೂ ನನ್ನ ಟ್ರಂಕಿನಲ್ಲಿದೆ. ಬಂದು ನೋಡಿ.