ವರದಿಗಾರರ ಹೆಸರಿಲ್ಲದ ಹಳೇ ಪತ್ರಿಕೆ ತುಣುಕನ್ನು ಉಲ್ಲೇಖಿಸೋದು ಹೇಗೆ?

ಬದಿಯಡ್ಕದಿಂದ ಪ್ರಶ್ನೆ:
1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ಅಜ್ಜನ ಪೆಟ್ಟಿಗೆಯಲ್ಲಿ ಆಗಿನ ಪತ್ರಿಕೆ ತುಣುಕೊಂದು ಸಿಕ್ಕಿತು, ಅಂಚಿನಲ್ಲಿ ಅವರೇ ಪೆನ್ಸಿಲಿನಲ್ಲಿ ತಾರೀಕು ಬರೆದಿದ್ದಾರೆ, ಆದರೆ ಪುಟಸಂಖ್ಯೆ ಕತ್ತರಿಸಿ ಹೋಗಿದೆ, ವರದಿಗಾರರ ಹೆಸರೂ ಇಲ್ಲ. ಎಪಿಎ ಶೈಲಿಯಲ್ಲಿ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಉಲ್ಲೇಖ ಪದ್ಧತಿ) ಹೇಗೆ ಹಾಕಲಿ?

ಮಂಜೇಶ್ವರದಿಂದ:
ಹೆಸರಿಲ್ಲದಿದ್ದರೆ ಶೀರ್ಷಿಕೆಯೇ ಮೊದಲು. ಆಮೇಲೆ ಆವರಣದಲ್ಲಿ ವರ್ಷ, ತಿಂಗಳು, ದಿನ. ನಂತರ ಪತ್ರಿಕೆಯ ಹೆಸರು ಓರೆ ಅಕ್ಷರದಲ್ಲಿ, ಕೊನೆಗೆ ಪುಟ. 'ಅನಾಮಿಕ' ಅಂತ ಸುಮ್ನೆ ಸೇರಿಸಬೇಡಿ, ಹಾಗೇ ಅಚ್ಚಾಗಿದ್ದರೆ ಮಾತ್ರ ಹಾಕಬೇಕು.

ಕುಂಬಳೆಯಿಂದ:
ಪೆನ್ಸಿಲ್ ತಾರೀಕು ಓದಿದ ದಿನದ್ದೂ ಆಗಿರಬಹುದು ಅಲ್ವಾ? ನನಗೆ ಹೀಗೇ ಒಂದು ದಿನ ತಪ್ಪಿ ಇಡೀ ಅಡಿಟಿಪ್ಪಣಿ ತಿದ್ದಬೇಕಾಯಿತು. ಹಳೇ ಸಂಚಿಕೆಗಳಿರುವ ಲೈಬ್ರರಿಯಲ್ಲಿ ತಾಳೆ ನೋಡಿ, ಪುಟಸಂಖ್ಯೆಯೂ ಅಲ್ಲೇ ಸಿಗುತ್ತದೆ. ಈಗಿನ ಪತ್ರಿಕೆಯಾದರೆ ಯಾವ ಊರಿನ ಆವೃತ್ತಿ ಅಂತಲೂ ಬರೆದಿಟ್ಟುಕೊಳ್ಳಿ, ಮಂಗಳೂರಿನದರಲ್ಲಿ ಬಂದ ಸುದ್ದಿ ಬೆಂಗಳೂರಿನದರಲ್ಲಿ ಇಲ್ಲದೇ ಇರಬಹುದು.