ಕರಡಿಯ ಕಪ್ಪು ರೋಮದ ವಿವರ ಉಳಿಸಿಕೊಂಡು ಕಪ್ಪು-ಬಿಳುಪು ಚಿತ್ರ ರೂಪಿಸುವುದು ಹೇಗೆ?

ಬಯಲುಸೀಮೆ (ಪ್ರಶ್ನೆ)

ಹಂಪಿ ಬಳಿಯ ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದಿಂದ ಸಂಜೆಯ ಬೆಳಕಿನಲ್ಲಿ ತೆಗೆದ ಕರಡಿಯ ಚಿತ್ರಗಳನ್ನು ಕಪ್ಪು-ಬಿಳುಪಿಗೆ ಪರಿವರ್ತಿಸುತ್ತಿದ್ದೇನೆ. ಎಲ್ಲವೂ 14 ಬಿಟ್ ರಾ ಫೈಲುಗಳು (ಸೆನ್ಸರ್ ದಾಖಲಿಸಿದ ಮಾಹಿತಿಯನ್ನು ಸಂಸ್ಕರಿಸದೆ ಉಳಿಸಿಕೊಳ್ಳುವ ಫೈಲುಗಳು), 600 ಮಿ.ಮೀ. ಲೆನ್ಸ್, ಐಎಸ್‌ಒ 3200. ಬಣ್ಣದಲ್ಲಿ ನೋಡಿದಾಗ ಕೆಂಬಣ್ಣದ ಬಂಡೆ, ಕುರುಚಲು ಹಸಿರು, ಅವುಗಳ ನಡುವೆ ನಿಂತ ಕರಡಿ, ಎಲ್ಲವೂ ಬೇರೆ ಬೇರೆಯಾಗಿಯೇ ಕಾಣುತ್ತವೆ. ಸ್ಯಾಚುರೇಷನ್ ಅನ್ನು (ಬಣ್ಣದ ತೀವ್ರತೆಯನ್ನು) ಸೊನ್ನೆಗೆ ಇಳಿಸಿದ ಕೂಡಲೇ ಬಂಡೆಯೂ ಗಿಡವೂ ಒಂದೇ ಬೂದುಬಣ್ಣಕ್ಕೆ ತಿರುಗುತ್ತವೆ, ಕರಡಿಯಾದರೋ ಮೂತಿಯೊಂದನ್ನು ಬಿಟ್ಟು ಆಕಾರವಿಲ್ಲದ ಕಪ್ಪು ಮುದ್ದೆಯಾಗುತ್ತದೆ. ನೆರಳಿನ ಭಾಗವನ್ನು ಎತ್ತಿದರೆ ರೋಮದ ಬದಲು ನಾಯ್ಸ್ (ಮರಳಿನಂಥ ಚುಕ್ಕೆಗಳು) ಎದ್ದು ಬರುತ್ತದೆ. ಕಾಂಟ್ರಾಸ್ಟ್ ಹೆಚ್ಚಿಸಿದರೆ ಇದ್ದ ವಿವರವೂ ಮುಳುಗುತ್ತದೆ. ಹಲವರು ಮಾಡುವಂತೆ ಹಿನ್ನೆಲೆಯನ್ನು ಪೂರ್ತಿ ಕಪ್ಪಾಗಿಸುವುದೇ ದಾರಿಯೇ? ಕ್ಯಾಮೆರಾದಲ್ಲಿಯೇ ಮಾನೋಕ್ರೋಮ್ ಆಯ್ಕೆ ಮಾಡಿಕೊಂಡು ತೆಗೆಯುವುದರಿಂದ ಪ್ರಯೋಜನವಿದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ನೆರಳುಬೆಳಕು

ಸ್ಯಾಚುರೇಷನ್ ಇಳಿಸುವುದು ಪರಿವರ್ತನೆಯ ವಿಧಾನಗಳಲ್ಲೇ ಅತ್ಯಂತ ಬಡವಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಣ್ಣವನ್ನು ತೆಗೆದುಹಾಕುವಾಗ ತಂತ್ರಾಂಶವು ಪ್ರತಿ ಬಿಂದುವಿನ ಕೆಂಪು, ಹಸಿರು, ನೀಲಿಗಳನ್ನು ಒಂದು ನಿಶ್ಚಿತ ಪ್ರಮಾಣದಲ್ಲಿ ಬೆರೆಸುತ್ತದೆ. ಬಹಳ ಬಳಕೆಯಲ್ಲಿರುವ ಒಂದು ಮಾನದಂಡದಲ್ಲಿ ಆ ಪ್ರಮಾಣ ಕೆಂಪಿಗೆ 0.2126, ಹಸಿರಿಗೆ 0.7152, ನೀಲಿಗೆ 0.0722. ಈ ಲೆಕ್ಕಕ್ಕೆ ನಿಮ್ಮ ಬಂಡೆಯೂ ಗಿಡವೂ ಬಣ್ಣದಲ್ಲಿ ಎಷ್ಟೇ ದೂರವಿದ್ದರೂ ಹೊಳಪಿನಲ್ಲಿ ಸಮವಾಗಿದ್ದರೆ ಸಾಕು, ಎರಡೂ ಒಂದೇ ಬೂದಾಗಿ ಬರುತ್ತವೆ. ಆದ್ದರಿಂದ ಸ್ಯಾಚುರೇಷನ್ ಅನ್ನು ಮುಟ್ಟದೆ, ಪ್ರತಿ ಬಣ್ಣವೂ ಎಷ್ಟು ತಿಳಿಯಾಗಬೇಕು, ಎಷ್ಟು ಗಾಢವಾಗಬೇಕು ಎಂದು ನೀವೇ ನಿರ್ಧರಿಸಬಹುದಾದ ಕಪ್ಪು-ಬಿಳುಪು ಮಿಕ್ಸರ್ ಅನ್ನು ಬಳಸಿ. ಫಿಲ್ಮಿನ ಕಾಲದಲ್ಲಿ ಲೆನ್ಸಿನ ಮುಂದೆ ಹಳದಿ ಅಥವಾ ಕೆಂಪು ಫಿಲ್ಟರ್ ಹಾಕಿ ಮಾಡುತ್ತಿದ್ದ ಕೆಲಸವೇ ಇದು. ಈಗ ಅದನ್ನು ಚಿತ್ರ ತೆಗೆದ ನಂತರವೂ ಮಾಡಬಹುದು.

ನಿಮ್ಮ ಚಿತ್ರದಲ್ಲಿ ಕಿತ್ತಳೆ ಮತ್ತು ಕೆಂಪನ್ನು ಎತ್ತಿ, ಹಸಿರನ್ನು ಸ್ವಲ್ಪ ಇಳಿಸಿ. ಬಂಡೆ ತಿಳಿಯಾಗುತ್ತದೆ, ಗಿಡ ಹಿಂದೆ ಸರಿಯುತ್ತದೆ, ಕರಡಿಯ ಮೈಗೆರೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಇನ್ನು ರೋಮದ ವಿಷಯ. ಕರಡಿಯನ್ನು ಕಪ್ಪು ಎಂದು ನಾವು ಕರೆದರೂ ಸಂಜೆಯ ಬಿಸಿಲು ಬಿದ್ದ ಕೂದಲಿನ ತುದಿಗಳು ಕಂದಾಗಿರುತ್ತವೆ, ಆಕಾಶದ ಬೆಳಕಷ್ಟೇ ತಾಗುವ ನೆರಳಿನ ಮಗ್ಗುಲು ನೀಲಿಗೆ ವಾಲಿರುತ್ತದೆ. ಆ ಕಂದು-ನೀಲಿಗಳ ಅಂತರವೇ ನಿಮಗೆ ಬೇಕಾದ ವಿವರ. ಕಿತ್ತಳೆಯನ್ನು ಎತ್ತಿದಾಗ ಕೂದಲಿನ ಎಳೆಗಳು ಬೆಳಗುತ್ತವೆ, ನೀಲಿಯನ್ನು ತುಸು ಇಳಿಸಿದಾಗ ಎಳೆಗಳ ನಡುವಿನ ಆಳ ಉಳಿಯುತ್ತದೆ. ಇದಕ್ಕೂ ಮೊದಲು ವೈಟ್ ಬ್ಯಾಲೆನ್ಸ್ (ಚಿತ್ರದ ಬಣ್ಣ ಬೆಚ್ಚಗೋ ತಣ್ಣಗೋ ಎಂಬ ಹೊಂದಾಣಿಕೆ) ಸರಿಪಡಿಸಿಕೊಳ್ಳುವುದು ಅಗತ್ಯ, ಏಕೆಂದರೆ ಅದು ಬದಲಾದರೆ ಯಾವ ಬಿಂದು ಯಾವ ಸ್ಲೈಡರಿನ ವಶಕ್ಕೆ ಬರುತ್ತದೆ ಎಂಬುದೇ ಬದಲಾಗುತ್ತದೆ. ಚಿತ್ರವನ್ನು ವಿಪರೀತ ಬೆಚ್ಚಗಾಗಿಸಿದರೆ ನೆರಳಿನ ನೀಲಿ ಮಾಯವಾಗಿ, ಬೇರ್ಪಡಿಸಲು ಏನೂ ಉಳಿಯುವುದಿಲ್ಲ.

ನಾಯ್ಸ್ ನಿವಾರಣೆಯನ್ನು ಚಿತ್ರವು ಬಣ್ಣದಲ್ಲಿರುವಾಗಲೇ ಮುಗಿಸಿಕೊಳ್ಳಿ. ಬಣ್ಣದ ಚುಕ್ಕೆಗಳಾಗಿದ್ದ ನಾಯ್ಸ್ ಮಿಕ್ಸರಿನ ಮೂಲಕ ಹಾದುಬಂದ ಮೇಲೆ ಬೂದು ಕಲೆಗಳಾಗಿ ಉಳಿದುಬಿಡುತ್ತದೆ, ಆಮೇಲೆ ಅದನ್ನು ರೋಮದಿಂದ ಬೇರ್ಪಡಿಸುವುದು ಬಹಳ ಕಷ್ಟ.

ಕಾಡಂಚು

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಕಪ್ಪು ಮುದ್ದೆಯ ಸಮಸ್ಯೆಯ ಬೇರು ಸಾಮಾನ್ಯವಾಗಿ ಎಕ್ಸ್‌ಪೋಷರಿನಲ್ಲಿ, ಅಂದರೆ ಚಿತ್ರಕ್ಕೆ ಕೊಟ್ಟ ಬೆಳಕಿನ ಪ್ರಮಾಣದಲ್ಲಿ, ಇರುತ್ತದೆ. ಕಪ್ಪು ಪ್ರಾಣಿಯನ್ನು ಮೀಟರ್ ಬೂದಾಗಿಸುತ್ತದೆ, ಆದ್ದರಿಂದ ಒಂದು ಸ್ಟಾಪ್ ಕಡಿಮೆ (ಅಂದರೆ ಅರ್ಧದಷ್ಟು ಬೆಳಕು) ಕೊಡಬೇಕು ಎಂಬ ಪಾಠವನ್ನು ನಾವೆಲ್ಲರೂ ಕೇಳಿದ್ದೇವೆ. ನೇರವಾಗಿ ಜೆಪೆಗ್ ತೆಗೆಯುವವರಿಗೆ ಅದು ಸರಿಯಾದ ಮಾತು. ಆದರೆ ರಾ ಫೈಲಿನಲ್ಲಿ ಬೆಳಕು ನೇರ ಅನುಪಾತದಲ್ಲಿ ದಾಖಲಾಗುವುದರಿಂದ 14 ಬಿಟ್‌ನ 16,384 ಹಂತಗಳಲ್ಲಿ ಅರ್ಧದಷ್ಟು, ಅಂದರೆ 8,192, ಅತ್ಯಂತ ಪ್ರಕಾಶಮಾನವಾದ ಒಂದೇ ಸ್ಟಾಪಿಗೆ ಹೋಗುತ್ತವೆ. ಅದರ ಕೆಳಗಿನದಕ್ಕೆ 4,096, ಹೀಗೆ ಇಳಿಯುತ್ತ ಕರಡಿಯ ರೋಮದವರೆಗೆ ಬರುವಷ್ಟರಲ್ಲಿ ಉಳಿದಿರುವುದು ತೀರ ಸ್ವಲ್ಪ, ಅಲ್ಲಿಗೆ ತಲುಪುವ ಬೆಳಕೂ ಅಷ್ಟೇ ಸ್ವಲ್ಪ. ಬಿಸಿಲು ಬಿದ್ದ ಬಂಡೆಯೂ ಮಾಸಲು ಬಿಳಿಯ ಮೂತಿಯೂ ವಿವರವಿಲ್ಲದ ಬಿಳಿಯಾಗಿ ಸುಟ್ಟುಹೋಗದಂತೆ ಹಿಸ್ಟೋಗ್ರಾಮ್ (ಛಾಯೆಗಳ ಹಂಚಿಕೆ ತೋರಿಸುವ ನಕ್ಷೆ) ನೋಡಿಕೊಂಡು, ಅವು ಅನುಮತಿಸುವಷ್ಟೂ ಬೆಳಕನ್ನು ಕೊಡಿ. ಆಮೇಲೆ ತಂತ್ರಾಂಶದಲ್ಲಿ ಹೊಳಪನ್ನು ಎತ್ತುವುದಕ್ಕಿಂತ ಇಳಿಸುವುದೇ ಲೇಸು.

ಹಿನ್ನೆಲೆಯನ್ನು ಪೂರ್ತಿ ಕಪ್ಪಾಗಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಕರಿಯ ಪ್ರಾಣಿಯನ್ನು ಕರಿಯ ಶೂನ್ಯದಲ್ಲಿ ನಿಲ್ಲಿಸಿದರೆ ಅದರ ಮೈಗೆರೆ ಕಳೆದುಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ದರೋಜಿಯ ಕರಡಿಯನ್ನು ದರೋಜಿಯದಾಗಿಸುವುದೇ ಆ ಬಂಡೆ. ಅಮೆರಿಕದ ಛಾಯಾಗ್ರಾಹಕರಾದ ಅನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ರೂಪಿಸಿದ, ಛಾಯೆಗಳನ್ನು ಅಂಕಿಗಳಿಂದ ಗುರುತಿಸುವ ವಲಯ ಪದ್ಧತಿಯಲ್ಲಿ ಸೊನ್ನೆ ಎಂದರೆ ಅಪ್ಪಟ ಕಪ್ಪು, ಐದು ಎಂದರೆ ನಡುಬೂದು, ಹತ್ತು ಎಂದರೆ ಅಪ್ಪಟ ಬಿಳಿ. ವಿವರ ಸ್ಪಷ್ಟವಾಗಿ ಉಳಿಯಬೇಕಾದ ಕಪ್ಪಿಗೆ ಅವರು ಕೊಟ್ಟದ್ದು ಮೂರನೆಯ ವಲಯ. ಬೆಳಕು ಬಿದ್ದ ರೋಮ ಮೂರರಲ್ಲಿ, ನೆರಳಿನ ರೋಮ ಎರಡರಲ್ಲಿ, ಮೂತಿಯೂ ಎದೆಯ ಮೇಲಿನ ಬಿಳಿ ಗುರುತೂ ಆರು-ಏಳರಲ್ಲಿ ಇರಲಿ. ಬಂಡೆಯನ್ನು ಐದರ ಆಸುಪಾಸಿನಲ್ಲಿ ನಿಲ್ಲಿಸಿ. ಅಪ್ಪಟ ಕಪ್ಪು ಕಿವಿಯ ಒಳಭಾಗದಲ್ಲಿಯೋ ಹೊಟ್ಟೆಯ ಕೆಳಗೋ ಎಲ್ಲೋ ಒಂದಿಷ್ಟು ಇದ್ದರೆ ಸಾಕು. ಈ ಹಂಚಿಕೆಯನ್ನು ಇಡೀ ಚಿತ್ರಕ್ಕೆ ಅನ್ವಯಿಸುವ ಕಾಂಟ್ರಾಸ್ಟ್ ಸ್ಲೈಡರಿನಿಂದ ಸಾಧಿಸಲಾಗದು. ಮಾಸ್ಕ್ ಹಾಕಿ (ಬದಲಾವಣೆ ಆಯ್ದ ಭಾಗಕ್ಕೆ ಮಾತ್ರ ತಾಗುವಂತೆ ಮಾಡಿ), ಮೃದುವಾದ ಬ್ರಷ್‌ನಿಂದ, ಬೆಳಕು ಬಂದ ದಿಕ್ಕನ್ನು ಗೌರವಿಸುತ್ತ ಸ್ವಲ್ಪ ಸ್ವಲ್ಪವೇ ಬೆಳಗಿಸುತ್ತ, ಗಾಢಗೊಳಿಸುತ್ತ ಹೋಗಬೇಕು.

ದರೋಜಿಗೆ ಹತ್ತಿರದ ಸಂಡೂರಿನವರೇ ಆದ ಎಂ.ವೈ. ಘೋರ್ಪಡೆಯವರು, 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದವರು, ವನ್ಯಜೀವಿಗಳನ್ನು ಕಪ್ಪು-ಬಿಳುಪಿನಲ್ಲಿ ಸೆರೆಹಿಡಿದು ಹೆಸರಾದವರು. ಅವರ ಚಿತ್ರಗಳನ್ನು ನಿಧಾನವಾಗಿ ನೋಡುವುದು ಯಾವ ತಂತ್ರಾಂಶದ ಪಾಠಕ್ಕೂ ಕಡಿಮೆಯಲ್ಲ.

ಮಲೆಯ ಮಳೆ

ಮಾನೋಕ್ರೋಮ್ ಆಯ್ಕೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ರಾ ಮತ್ತು ಮಾನೋಕ್ರೋಮ್ ಎರಡನ್ನೂ ಒಟ್ಟಿಗೆ ಆರಿಸಿಕೊಂಡರೆ ಪರದೆಯ ಮೇಲೆ ಬೂದುಚಿತ್ರ ಕಾಣುತ್ತದೆ, ಫೈಲಿನಲ್ಲಿ ಬಣ್ಣ ಹಾಗೆಯೇ ಉಳಿಯುತ್ತದೆ; ಕಣ್ಣನ್ನು ಪಳಗಿಸಲು ಇದು ಒಳ್ಳೆಯ ಅಭ್ಯಾಸ. ಬರೀ ಜೆಪೆಗ್ ಆದರೆ 8 ಬಿಟ್‌ನ 256 ಹಂತಗಳಷ್ಟೇ ಸಿಗುತ್ತವೆ, ಬಣ್ಣವೂ ಮರಳಿ ಬಾರದು.

ಸ್ಪರ್ಧೆಗೆ ಕಳುಹಿಸುವ ಉದ್ದೇಶವಿದ್ದರೆ ಒಂದು ಮಾತು. ಎಫ್‌ಐಎಪಿ (ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ) ಮತ್ತು ಪಿಎಸ್‌ಎ (ಅಮೆರಿಕದ ಛಾಯಾಗ್ರಹಣ ಸಂಘ) ಮನ್ನಣೆಯ ಸ್ಪರ್ಧೆಗಳ ನಿಸರ್ಗ ವಿಭಾಗದಲ್ಲಿ ಚಿತ್ರವನ್ನು ಪೂರ್ಣವಾಗಿ ಬೂದುಛಾಯೆಗೆ ಪರಿವರ್ತಿಸಲು ಅವಕಾಶವಿದೆ, ಆದರೆ ಅಡ್ಡಬಂದ ಕಡ್ಡಿಯೊಂದನ್ನು ಅಳಿಸಲೂ ಅವಕಾಶವಿಲ್ಲ. ಭಾಗಶಃ ಬಣ್ಣ ಉಳಿಸಿದ ಚಿತ್ರವನ್ನೂ ಅಲ್ಲಿ ಸ್ವೀಕರಿಸುವುದಿಲ್ಲ.

ಎಲ್ಲ ಪ್ರಾಣಿಗಳಿಗೂ ಈ ರೂಪ ಒಪ್ಪುವುದಿಲ್ಲ ಎಂಬುದನ್ನೂ ಹೇಳಬೇಕು. ಕಪ್ಪು ಮುಖದ ಸುತ್ತ ಬೆಳ್ಳಿ ಕೇಸರವಿರುವ ಸಿಂಗಳೀಕ, ಮೈಯೆಲ್ಲ ಸುಕ್ಕುಗಳಿರುವ ಆನೆ, ಬಿಳಿ ಕಾಲಿನ ಕಾಟಿ, ಇವುಗಳ ಗುರುತೇ ಛಾಯೆಯಲ್ಲಿ ಮತ್ತು ಮೇಲ್ಮೈಯಲ್ಲಿದೆ. ಮಿಂಚುಳ್ಳಿಯ ನೀಲಿಯನ್ನು ತೆಗೆದ ಮೇಲೆ ಉಳಿಯುವುದು ಬಹಳ ಕಡಿಮೆ.

ಬಯಲುಸೀಮೆ

ಎಲ್ಲರಿಗೂ ಕೃತಜ್ಞತೆಗಳು. ಕಿತ್ತಳೆಯನ್ನು ಎತ್ತಿದ ಕೂಡಲೇ ಬಂಡೆ ತಿಳಿಯಾಗಿ ಭುಜದ ಮೇಲಿನ ಉದ್ದ ಕೂದಲು ಎಳೆಎಳೆಯಾಗಿ ಕಾಣಿಸಿತು. ಆದರೆ ಕರಡಿಯ ಬೆನ್ನಿನ ಅಂಚಿನುದ್ದಕ್ಕೂ ತೆಳುವಾದ ಬಿಳಿಗೆರೆಯೊಂದು ಮೂಡಿದೆ. ಅದನ್ನು ಹೇಗೆ ನಿವಾರಿಸಬೇಕು?

ನೆರಳುಬೆಳಕು

ಅದಕ್ಕೆ ಎರಡು ಕಾರಣಗಳಿರಬಹುದು. ಒಂದು, ಲೆನ್ಸಿನ ವರ್ಣದೋಷದಿಂದ ಅಂಚಿನಲ್ಲಿ ಮೂಡಿದ ನೇರಳೆ ಅಥವಾ ಹಸಿರು ಗೆರೆ ಮಿಕ್ಸರಿನಲ್ಲಿ ಬಿಳಿಯಾಗಿರುವುದು. ಬಣ್ಣದ ಚಿತ್ರಕ್ಕೆ ಮರಳಿ, ಅಂಚಿನ ಬಣ್ಣ ತೆಗೆಯುವ ಸಾಧನವನ್ನು ಮೊದಲು ಬಳಸಿ. ಇನ್ನೊಂದು, ಪಕ್ಕಪಕ್ಕದ ಸ್ಲೈಡರುಗಳ ನಡುವೆ ವಿಪರೀತ ಅಂತರವಿರುವುದು. ಕಿತ್ತಳೆಯನ್ನು 50ಕ್ಕೆ ಎತ್ತಿ ಹಳದಿಯನ್ನು ಸೊನ್ನೆಯಲ್ಲಿಯೇ ಬಿಟ್ಟರೆ ಎರಡು ಬಣ್ಣಗಳು ಸೇರುವಲ್ಲಿ ಛಾಯೆ ಸೀಳುತ್ತದೆ. ಹಳದಿಯನ್ನೂ 30ರ ಆಸುಪಾಸಿಗೆ ತನ್ನಿ. ಆಮೇಲೂ ಗೆರೆ ಉಳಿದರೆ ಕ್ಲಾರಿಟಿಯನ್ನು (ಅಕ್ಕಪಕ್ಕದ ಛಾಯೆಗಳ ಅಂತರ ಹೆಚ್ಚಿಸುವ ಸ್ಲೈಡರ್) ಇಡೀ ಚಿತ್ರದಿಂದ ತೆಗೆದು, ಅಂಚಿನಿಂದ ಒಳಗೆ ಸರಿದ ಮಾಸ್ಕಿನೊಂದಿಗೆ ಕರಡಿಯ ಮೈಮೇಲೆ ಮಾತ್ರ ಕೊಡಿ.