ಕ್ಯಾರವಾನಿನ ಚಕ್ರಕ್ಕೆ ಕಾರಿನ ಕಂಪ್ರೆಸರ್ ಸಾಕಾಗುವುದೇ?

ಬದಿಯಡ್ಕದಿಂದ ಪ್ರಶ್ನೆ:
ಆರು ಚಕ್ರಗಳ ಹಳೆಯ ಮಿನಿಬಸ್ಸನ್ನು ಮಲಗುವ ವ್ಯವಸ್ಥೆಯಿರುವ ಕ್ಯಾರವಾನ್ ಆಗಿ ಮಾರ್ಪಡಿಸಿಕೊಂಡಿದ್ದೇವೆ. ಚಕ್ರಗಳಿಗೆ 65 ಪಿಎಸ್‌ಐ ಗಾಳಿ ಬೇಕು. ಕಾರಿಗೆಂದು ಕೊಂಡಿದ್ದ ಕಂಪ್ರೆಸರನ್ನು ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಿಕ್ಕಿಸಿದರೆ, 50 ದಾಟುವಷ್ಟರಲ್ಲಿ ಅದು ಕಾದು ನಿಂತುಬಿಡುತ್ತದೆ. ಜಾಲ್ಸೂರು, ಸುಳ್ಯ ದಾರಿಯಾಗಿ ಮಡಿಕೇರಿಗೆ ಹೊರಡುವ ಮುನ್ನ ಏನು ಮಾಡಬಹುದು?

ಮಂಜೇಶ್ವರದಿಂದ:
ಪೆಟ್ಟಿಗೆಯ ಮೇಲೆ ಅಚ್ಚಾದ ಗರಿಷ್ಠ ಒತ್ತಡವನ್ನು ನೋಡಿ ಮೋಸಹೋಗಬೇಡಿ. ಆ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪಿಯರಿನದಾಗಿರುವುದರಿಂದ, 12 ವೋಲ್ಟಿನಲ್ಲಿ ಸುಮಾರು 180 ವ್ಯಾಟಿಗಿಂತ ಹೆಚ್ಚಿನ ಶಕ್ತಿಯನ್ನು ಅಲ್ಲಿಂದ ಪಡೆಯಲಾಗದು; ಆದ್ದರಿಂದ ಬ್ಯಾಟರಿಗೇ ನೇರವಾಗಿ ಕ್ಲಿಪ್ ಹಾಕುವ, ಜೋಡಿ ಸಿಲಿಂಡರಿನ ಯಂತ್ರವನ್ನು ಕೊಳ್ಳುವುದು ಒಳ್ಳೆಯದು. ಗಾಳಿ ಹೊಡೆಯುವಾಗ ಎಂಜಿನ್ ಚಾಲೂ ಇರಲಿ, ನಡುನಡುವೆ ಯಂತ್ರಕ್ಕೆ ವಿರಾಮವನ್ನೂ ಕೊಡಿ. ಅಂದಹಾಗೆ, 65 ಎಂಬುದನ್ನು ಟಯರಿನ ಬದಿಯಲ್ಲಿ ಓದಿದ್ದರೆ, ಅದು ಟಯರು ತಾಳುವ ಗರಿಷ್ಠ ಭಾರಕ್ಕೆ ಸಂಬಂಧಿಸಿದ ಅಂಕಿಯಾಗಿರಬಹುದು. ಗಾಳಿಯ ಒತ್ತಡ ನಮೂದಿಸಿರುವ ವಾಹನದ ಫಲಕವನ್ನೂ ನೋಡಿ.

ಮುಳ್ಳೇರಿಯದಿಂದ:
ಹಿಂಬದಿಯ ಜೋಡಿ ಚಕ್ರಗಳಲ್ಲಿ ಒಳಗಿನದರ ವಾಲ್ವಿಗೆ ಕೈ ಎಟುಕದು. ವಾಲ್ವನ್ನು ಹೊರಕ್ಕೆ ಉದ್ದವಾಗಿಸುವ ಲೋಹದ ಕೊಳವೆ, ಅಂದರೆ ಎಕ್ಸ್‌ಟೆನ್ಶನ್, ಹಾಕಿಸಿ. ನಮ್ಮ ವಾಹನದಲ್ಲಿ ಒಳಚಕ್ರ ಇಳಿದದ್ದು, ಹೊರಗಿನದೇ ಭಾರ ಹೊತ್ತಿದ್ದರಿಂದ, ತಿಳಿಯಲೇ ಇಲ್ಲ. ಒತ್ತಡವನ್ನು ಬೆಳಿಗ್ಗೆ, ಚಕ್ರ ತಣ್ಣಗಿರುವಾಗಲೇ ಅಳೆಯಿರಿ; ಸಂಪಾಜೆ ಘಾಟಿ ಹತ್ತಿದ ಮೇಲೆ ಅಳತೆ ಏರಿದೆಯೆಂದು ಗಾಳಿ ಬಿಡಬೇಡಿ.

ಬದಿಯಡ್ಕದಿಂದ:
ಒಳಚಕ್ರಗಳನ್ನು ನಾನು ಇದುವರೆಗೆ ಅಳೆದೇ ಇರಲಿಲ್ಲ. ಮೊದಲು ಎಕ್ಸ್‌ಟೆನ್ಶನ್, ಆಮೇಲೆ ಯಂತ್ರ.